ತಿಮ್ಮಪ್ಪನ ಮಾಲು

“ಏಯ್! ಮಾಲು ಯಾರದು?”

ಭೀಮೇಶ ದನಿಯನ್ನು ಹೊಟ್ಟೆಯ ತಳಕ್ಕಿಳಿಸಿ ಗುಡುಗಿದ. ರಾಯದುರ್ಗದ ಆ ಜೀನ್ಸ್ ಯೂನಿಟ್ಟಿನ ಮಿಷನ್ನುಗಳೆಲ್ಲ ಗಕ್ಕನೆ ನಿಂತವು. ಬಟ್ಟೆ ಕತ್ತರಿಸುವ ಮೇಜೇ ಹಡಗು, ಅಳತೆಯ ಕಡ್ಡಿಯೇ ಬಂದೂಕು. ಯೂನಿಟ್ಟಿನ ಮೇಲ್ವಿಚಾರಕನಾದ ಅವನು ಓದಿದ್ದು ಬಿ.ಕಾಂ.; ಪಾಸಾಗಿದ್ದು ಮಿಮಿಕ್ರಿಯಲ್ಲಿ ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಈಗ ಅವನು, ಸರಕಿನ ಹಡಗೊಂದನ್ನು ನಡುಗಡಲಲ್ಲಿ ತಡೆದರೆಂದು ಸುದ್ದಿಯಲ್ಲಿ ಬಂದ ಯುದ್ಧನೌಕೆಯ ಕ್ಯಾಪ್ಟನ್. “ವೈರಿ ಮಾಲಾ? ಹಿಡೀರಿ!” ಎಂದು ಕಡ್ಡಿ ಝಳಪಿಸಿದ. ಎಲ್ಲರೂ ಸೆರಗು ಬಾಯಿಗಿಟ್ಟು ನಕ್ಕರು. ಮೇಜಿನ ಕೆಳಗೆ ಚಿಂದಿಗಳ ರಾಶಿಯಲ್ಲಿ ಕೂತಿದ್ದ ಐದು ವರ್ಷದ ಗಂಗೋತ್ರಿ ಬಾಯಿ ತೆರೆದು ನೋಡಿದಳು.

ನಗದೇ ಇದ್ದವಳು ಅವಳ ಅಜ್ಜಿ ಪಾಲಮ್ಮ ಒಬ್ಬಳೇ. ಪ್ಯಾಂಟಿನ ಬಿಡಿ ದಾರ ಕತ್ತರಿಸುತ್ತಿದ್ದ ಕೈ ಅಲ್ಲೇ ನಿಂತಿತ್ತು.

“ಯಾವ ಹಡಗು ಭೀಮೇಶಪ್ಪ? ನಮ್ಮ ಪ್ಯಾಂಟು ಹೋದದ್ದಾ?”

“ಅದೇ ದೊಡ್ಡಮ್ಮ. ಅಲ್ಲಿ ಎರಡು ದೇಶ ಬಡಿದಾಡಾಕ ಹತ್ಯಾವಲ್ಲ? ನಮ್ಮ ಪ್ಯಾಂಟು ಕೊಂಡವ್ರು ಒಂದು ಕಡಿಯವ್ರು, ಹಡಗೂ ಅವ್ರದೇ. ಇನ್ನೊಂದು ಕಡಿಯವ್ರು ನಡುನೀರಾಗ ನಿಲ್ಲಿಸ್ಯಾರ. ಯುದ್ಧದಾಗ ವೈರಿ ಮಾಲು ಸಿಕ್ರ ಹಿಡಕೋಬಹುದು ಅಂತ ಕಾಯಿದೇನ ಐತ್ರಿ. ನಮಗೇನು? ರೊಕ್ಕ ಕೊಟ್ಟ ಮ್ಯಾಲ ಮಾಲು ಅವ್ರದು.”

“ಅದರಾಗ ನನ್ನ ಮುಡಿಪು ಐತೋ ಯಪ್ಪಾ!”

ನಗು ನಿಂತಿತು.

ಗಂಗೋತ್ರಿಗೆ ನಾಲ್ಕು ತುಂಬಿದರೂ ಮಾತು ಬಂದಿರಲಿಲ್ಲ. ಮಾತು ಕೊಡು, ಮುಡಿಪು ಮುಟ್ಟಿಸುತ್ತೇನೆ ಎಂದು ತಿರುಪತಿ ತಿಮ್ಮಪ್ಪನಿಗೆ ಕೈಮುಗಿದು, ಪಾಲಮ್ಮ ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿದ್ದಳು. ಈ ಬೇಸಿಗೆಯಲ್ಲಿ ಮಗು ಬಾಯಿ ಬಿಟ್ಟಿತು. ಆದರೆ ಗಿಣಿಯ ಹಾಗೆ. ಕೇಳಿದ್ದನ್ನು ಕೇಳಿದ ದನಿಯಲ್ಲೇ ಒಪ್ಪಿಸುವುದು. ತನ್ನದೆನ್ನುವ ಮಾತು ಒಂದೂ ಇಲ್ಲ. ಮುಡಿಪು ಮುಟ್ಟಿದ ಮೇಲೆ ಉಳಿದದ್ದನ್ನು ಕೊಡುತ್ತಾನೆ ಎಂದು ಪಾಲಮ್ಮ ನಂಬಿದ್ದಳು. ತಿರುಪತಿಗೆ ಹೊರಟ ನೆರೆಯವರ ಕೈಗೆ ಕೊಡಲೆಂದು ಗಂಟನ್ನು ಯೂನಿಟ್ಟಿಗೆ ತಂದ ದಿನವೇ, ಅವರ ಬೀದಿಯ ರೇವಣಸಿದ್ದಯ್ಯ ತೀರಿಕೊಂಡರೆಂದು ಫೋನು ಬಂತು. ದೇವರ ಗಂಟು ಸಾವಿನ ಮನೆಯ ಹೊಸ್ತಿಲು ದಾಟಬಾರದು. ಕೈಯಲ್ಲಿದ್ದ ಪ್ಯಾಂಟಿನ ಜೇಬಿನೊಳಗಣ ಪುಟ್ಟ ಜೇಬಿಗೆ ಅದನ್ನು ತುರುಕಿ ಓಡಿದಳು. ತಲೆಗೆ ನೀರು ಹಾಕಿಕೊಂಡು ಮರುದಿನ ಬರುವಷ್ಟರಲ್ಲಿ ಪ್ಯಾಂಟು ಪೆಟ್ಟಿಗೆ ಸೇರಿತ್ತು, ಪೆಟ್ಟಿಗೆ ಲಾರಿ ಸೇರಿತ್ತು.

ಕಡಲನ್ನು ಅವಳು ಕಂಡವಳಲ್ಲ. ಪ್ಯಾಂಟು ಒಗೆದ ನೀಲಿ ನೀರು ಮೋರಿಯಲ್ಲಿ ಹರಿಯುತ್ತದಲ್ಲ, ಅದೇ ಅಗಲವಾಗುತ್ತ ಅಗಲವಾಗುತ್ತ ಆಚೆ ದಡ ಮರೆತರೆ ಕಡಲು ಎಂದುಕೊಂಡಿದ್ದಳು. ಅಂದಿನಿಂದ ಕಣ್ಣು ಮುಚ್ಚಿದರೆ ಸಾಕು, ಆ ನೀಲಿಯ ಮೇಲೆ ಸಾವಿರಾರು ಪ್ಯಾಂಟುಗಳು ಕಾಲು ಚಾಚಿ ತೇಲಿ ಬರುತ್ತಿದ್ದವು. ಒಂದರ ಜೇಬಿನಲ್ಲಿ ಮಾತ್ರ ಹಳದಿ ದೀಪದಂಥ ಬೆಳಕು.

“ಅಷ್ಟಕ್ಯಾಕ ಅಳ್ತೀರಿ? ಇನ್ನೊಂದು ಕಟ್ಟಿದ್ರಾತು,” ಎಂದ ಭೀಮೇಶ.

“ಕಟ್ಟಿದ ಮುಡಿಪಿಗೆ ಬದಲಿ ನಡೆಂಗಿಲ್ಲಪ್ಪ. ಅದು ನಂದಲ್ಲ, ಪ್ಯಾಂಟು ಕೊಂಡವ್ರದೂ ಅಲ್ಲ. ತಿಮ್ಮಪ್ಪಂದು. ಅವನೇನು ಆ ಯುದ್ಧದಾಗ ಯಾರ ಕಡಿಗರ ನಿಂತಾನಾ?”

ಇಲ್ಲದ ಮೀಸೆ ತಿರುವಲು ಎತ್ತಿದ್ದ ಕೈಯನ್ನು ಭೀಮೇಶ ಕೆಳಗಿಳಿಸಿದ. ಗಂಗೋತ್ರಿ ಆಗಲೇ ಚಿಂದಿಯೊಂದನ್ನು ಹಿಡಿದು ಹೊರಗೆ ಓಡಿಹೋಗಿದ್ದಳು. ಅವನು ತನ್ನ ಸ್ವಂತ ದನಿಯಲ್ಲಿ, ಅದು ಇಷ್ಟು ಸಣ್ಣದೆಂದು ಯಾರಿಗೂ ಗೊತ್ತಿರಲಿಲ್ಲ, ಹೇಳಿದ: “ಹಂಗೂ ಒಂದು ಕಾಯಿದೆ ಐತ್ರಿ. ಯಾರ ಕಡೀಗೂ ಸೇರದವ್ರ ಮಾಲು ವೈರಿ ಹಡಗಿನಾಗ ಇದ್ರೂ, ಮದ್ದುಗುಂಡು ಅಲ್ಲ ಅಂದ್ರ ಬಿಟ್ಟುಕೊಡಬೇಕು. ಆದ್ರ ಮಾಲೀಕ ಕೋರ್ಟಿಗೆ ಬಂದು, ಇದು ನಂದು ಅನ್ನಬೇಕು.”

“ತಿಮ್ಮಪ್ಪ ಬಾಯಿ ಬಿಟ್ಟಿದ್ದು ಯಾರು ಕಂಡಾರ?” ಎಂದು ಪಾಲಮ್ಮ ಕತ್ತರಿ ಕೆಳಗಿಟ್ಟಳು.

ಸಂಜೆ ಬೆಟ್ಟದ ನೆರಳು ಊರಿನ ಮೇಲೆ ಚಾಚಿಕೊಳ್ಳುವ ಹೊತ್ತಿಗೆ ಅವಳು ಹೊರಗೆ ಬಂದಳು. ಮೊಮ್ಮಗಳು ಮೋರಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದಳು. ನೀಲಿ ನೀರಿನ ಮೇಲೆ ಜೀನ್ಸಿನ ಚಿಂದಿ ತೇಲುತ್ತಿತ್ತು. ಮಗು ಅದಕ್ಕೆ ಕಡ್ಡಿ ಅಡ್ಡ ಹಿಡಿದು, ಪುಟ್ಟ ಗಂಟಲನ್ನು ಹೊಟ್ಟೆಯ ತಳಕ್ಕಿಳಿಸಿ ಗುಡುಗಿತು: “ಏಯ್! ಮಾಲು ಯಾರದು?”

ಥೇಟ್ ಭೀಮೇಶ. ಇನ್ನು ‘ಹಿಡೀರಿ’ ಬರುತ್ತದೆ ಎಂದುಕೊಂಡಳು ಪಾಲಮ್ಮ. ಮಗುವಿನ ಪಕ್ಕ ಕೂತು, ಸೋತ ದನಿಯಲ್ಲಿ ಅಂದಳು: “ತಿಮ್ಮಪ್ಪಂದವ್ವ.”

ಗಂಗೋತ್ರಿ ಚಿಂದಿಯನ್ನು ನೋಡಿದಳು. ಅಜ್ಜಿಯ ಮುಖ ನೋಡಿದಳು. ಆಮೇಲೆ ಕಡ್ಡಿಯನ್ನು ಮೆಲ್ಲಗೆ ಮೇಲೆತ್ತಿ, ಭೀಮೇಶನದಲ್ಲದ, ಪಾಲಮ್ಮನದೂ ಅಲ್ಲದ, ಊರಿನಲ್ಲಿ ಯಾರೂ ಈವರೆಗೆ ಕೇಳಿರದ ಒಂದು ಎಳೆ ದನಿಯಲ್ಲಿ ಹೇಳಿದಳು:

“ಹಂಗಾರ ಹೋಗ್ಲಿ.”