ಗುಂಪಿನ ದನಿ

“ದೊಡ್ಡಮ್ಮ, ನೀವು ಕೊಲ್ಲೋಕೆ ಹೇಳ್ಬೇಕು, ಊಟಕ್ಕೆ ಕರೆಯೋದಲ್ಲ!” ಎಂದು ವಿಜ್ಞಾನದ ಮೇಷ್ಟ್ರು ಹೆಡ್‌ಫೋನ್ ಕಳಚಿ ತಲೆಯ ಮೇಲೆ ಕೈಹೊತ್ತರು.

ಕೋಣೆಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಪ್ರಾರ್ಥನಾ ಮಂದಿರದ ಹಿಂದಿನ ಉಗ್ರಾಣವದು. ಹೊರಗಿನ ಸದ್ದು ಬರಬಾರದೆಂದು ಕಿಟಕಿಗೆ ಹಾಸಿಗೆ ಆನಿಸಿ, ಬಾಗಿಲ ಸಂದಿಗೆ ಕಂಬಳಿ ತುರುಕಿ, ಫ್ಯಾನನ್ನೂ ಆರಿಸಿದ್ದರು. ಮೇಷ್ಟ್ರು ಮತ್ತು ಗೆಳೆಯರು ವರ್ಷಗಟ್ಟಲೆ ಕೂತು ಸುವಾರ್ತೆಯನ್ನು ತಮ್ಮ ಮನೆಮಾತಿಗೆ ತಂದಿದ್ದರು. ಪುಸ್ತಕವೇನೋ ಅಚ್ಚಾಯಿತು. ಆದರೆ ಆ ಮನೆಮಾತು ಆಡುವವರಲ್ಲಿ ಅರ್ಧಕ್ಕರ್ಧ ಜನಕ್ಕೆ ಓದು ಬಾರದು. ಅದಕ್ಕೇ ಈಗ ಪಾತ್ರ ಹಂಚಿಕೊಂಡು ಓದಿ ಧ್ವನಿಮುದ್ರಣ ಮಾಡುತ್ತಿದ್ದರು. ಯೇಸುವಿನ ಮಾತು ಓದುವವನು ಗಡಿಯಾರ ರಿಪೇರಿಯವನು. ತೀರ್ಪು ಕೊಡುವ ಅಧಿಕಾರಿ ಪಿಲಾತನ ಮಾತು ಓದುವವನು ದೊಡ್ಡಮ್ಮನ ಗಂಡ, ದರ್ಜಿ. ಉಳಿದವರೆಲ್ಲ ಗುಂಪು. ಇವತ್ತು ಯೇಸುವಿನ ವಿಚಾರಣೆಯ ಭಾಗ: ‘ಇವನನ್ನು ಏನು ಮಾಡಲಿ?’ ಎಂದು ಪಿಲಾತ ಕೇಳಬೇಕು, ‘ಏರಿಸು ಶಿಲುಬೆಗೆ!’ ಎಂದು ಗುಂಪು ಅಬ್ಬರಿಸಬೇಕು. ಬೆಳಗಿನಿಂದ ಯಾರೊಬ್ಬರ ಬಾಯಲ್ಲೂ ಅಬ್ಬರ ಹುಟ್ಟಿರಲಿಲ್ಲ. ಬಾಡಿಗೆಗೆ ತಂದ ಮೈಕು ಸಂಜೆಗೆ ಹಿಂದಿರುಗಬೇಕಿತ್ತು.

“ನನ್ನ ಬಿಟ್ಬಿಡಿ ಮೇಷ್ಟ್ರೇ,” ಎಂದರು ದೊಡ್ಡಮ್ಮ. “ನಾಳೆ ಮೊಮ್ಮಕ್ಕಳು ಇದನ್ನ ಕೇಳ್ತವೆ. ನಮ್ಮಜ್ಜಿನೇ ಹೀಗಂದಿದ್ದು ಅಂದ್ಕೊಳ್ಳಲ್ವಾ? ನಾನು ಯಾರ ಮೇಲೂ ದನಿ ಎತ್ತಿದವಳಲ್ಲ.”

“ಯಾರ ಮೇಲೂ?” ಎಂದ ದರ್ಜಿ, ಸೂರು ನೋಡುತ್ತ.

“ನೀವು ಸುಮ್ನಿರಿ, ಪಿಲಾತ!”

ಮತ್ತೆ ನಗು. “ಇನ್ನೊಂದೇ ಒಂದು ಸಲ,” ಎಂದು ಮೇಷ್ಟ್ರು ಅಂಗಲಾಚಿದರು. ದೊಡ್ಡಮ್ಮ ಮುಂದೆ ಬಂದು, ಕಾಲಿಗೆ ತೊಡರಿದ ತಮ್ಮ ಬಟ್ಟೆಯ ಚೀಲವನ್ನು ಮೈಕಿನ ಕಂಬದ ಬುಡಕ್ಕೆ ತಳ್ಳಿ ನಿಂತರು. ಪಿಲಾತ ಕೇಳಿದ, ಗುಂಪು ಬಾಯಿ ತೆರೆಯಿತು. ಅಷ್ಟರಲ್ಲಿ ಮೇಷ್ಟ್ರು ಕೈ ಎತ್ತಿದರು. “ನಿಲ್ಲಿ ನಿಲ್ಲಿ. ಎಲ್ಲೋ ಟಿಕ್ ಟಿಕ್ ಅಂತಿದೆ.”

ಬರಿಗಿವಿಗೆ ಏನೂ ಕೇಳುತ್ತಿರಲಿಲ್ಲ. ಆದರೂ ಎಲ್ಲರ ಕಣ್ಣೂ ಏಕಕಾಲಕ್ಕೆ ಮೂಲೆಯ ಸ್ಟೂಲಿನಲ್ಲಿ ಕೂತಿದ್ದ ಗಡಿಯಾರದವನತ್ತ ತಿರುಗಿದವು. ಟಿಕ್ ಟಿಕ್ ಎಂದ ಮೇಲೆ ಇನ್ನಾರು? ರಿಪೇರಿಯವನು ಒಂದು ಮಾತೂ ಆಡದೆ ಕೈಗಡಿಯಾರ ಬಿಚ್ಚಿದ. ಜೇಬಿನಲ್ಲಿದ್ದ ಗಿರಾಕಿಯ ಗಡಿಯಾರವನ್ನೂ ತೆಗೆದು, ಎರಡನ್ನೂ ಹೊರಗಿಟ್ಟು ಬಂದು ಕೂತ. ಮೇಷ್ಟ್ರು ಮತ್ತೆ ಕಿವಿಗೊಟ್ಟರು. ಅವರ ಮುಖ ಹುಳ್ಳಗಾಯಿತು. “ಇನ್ನೂ ಇದೆ.”

“ಅಯ್ಯೋ, ಇನ್ನೆಷ್ಟು ಬಚ್ಚಿಟ್ಕೊಂಡಿದ್ದಾನೋ!” ಎಂದಿತು ಗುಂಪಿನಲ್ಲೊಂದು ದನಿ. “ನಾವಿಲ್ಲಿ ಬೆಂದು ಹೋಗ್ತಿದ್ದೀವಿ, ಇವನು ಕಲ್ಲಿನ ಹಾಗೆ ಕೂತಿದ್ದಾನೆ,” ಎಂದಿತು ಇನ್ನೊಂದು. ದೊಡ್ಡಮ್ಮನಿಗೂ ರೇಗಿಹೋಯಿತು. ಬೆಳಗಿನಿಂದ ನಿಂತು ಮೊಣಕಾಲು ಹಿಡಿದುಕೊಂಡಿತ್ತು. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. “ಬಾಯಿ ಬಿಟ್ಟು ಹೇಳೋಕೇನು ಧಾಡಿ ನಿನಗೆ?” ಎಂದು ಅವನತ್ತ ಬೆರಳು ಚಾಚಿದರು.

ಮೇಷ್ಟ್ರ ಕಣ್ಣು ಮಿನುಗಿತು. ಥಟ್ಟನೆ ಗುಂಡಿ ಒತ್ತಿ, “ಅದೇ ಸಿಟ್ಟು, ಆರಬಾರದು! ಪಿಲಾತ, ಕೇಳು!” ಎಂದರು.

“ಇವನನ್ನು ಏನು ಮಾಡಲಿ?”

“ಏರಿಸು ಶಿಲುಬೆಗೆ!”

ಕಿಟಕಿಗೆ ಆನಿಸಿದ ಹಾಸಿಗೆಯೊಂದು ಜಾರಿ ಬಿತ್ತು. ಮೇಷ್ಟ್ರು ಕುಣಿಯುವುದೊಂದು ಬಾಕಿ. “ಆಯ್ತು! ಇದಪ್ಪಾ ಅಂದ್ರೆ!” ಎಂದು ಸ್ಪೀಕರಿನಲ್ಲಿ ಹಾಕಿ ಕೇಳಿಸಿದರು. ಎಲ್ಲರಿಗಿಂತ ಮುಂದೆ, ಬಟ್ಟೆ ಹರಿದಂತೆ, ಒಂದು ಹೆಣ್ಣು ದನಿ ಚೀರುತ್ತಿತ್ತು.

“ಯಾರಪ್ಪಾ ಆ ಮಾರಿ?” ಎಂದರು ದೊಡ್ಡಮ್ಮ, ಬೆರಗಾಗಿ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪಾಠಕ್ಕಿಳಿದರು. “ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯೊಳಗಿಂದಲೂ ಕೇಳಿಸುತ್ತೆ ದೊಡ್ಡಮ್ಮ. ಹೊರಗಿನವರಿಗೆ ಬರೀ ಗಾಳಿಯಿಂದ. ಹಾಗಾಗಿ ರೆಕಾರ್ಡಿನಲ್ಲಿ ನಮ್ಮ ದನಿ ನಮಗೇ ಬೇರೆಯವರದ್ದು ಅನಿಸುತ್ತೆ.”

“ನನಗೇನೂ ಬೇರೆ ಅನಿಸಲಿಲ್ಲ,” ಎಂದ ದರ್ಜಿ. ಈ ಸಲದ ನಗುವಿಗೆ ಇನ್ನೊಂದು ಹಾಸಿಗೆಯೂ ಬಿತ್ತು.

ನಗು ಅಡಗಿದಾಗ ಸ್ಪೀಕರ್ ಇನ್ನೂ ಓಡುತ್ತಲೇ ಇತ್ತು. ಕೂಗು ಮುಗಿದ ಮೇಲಿನ ಮೌನದಲ್ಲಿ, ಸ್ಪಷ್ಟವಾಗಿ: ಟಿಕ್, ಟಿಕ್, ಟಿಕ್. ಮೇಷ್ಟ್ರು ಹುಬ್ಬು ಗಂಟಿಕ್ಕಿದರು. ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಕೈಗೆ ತೆಗೆದುಕೊಂಡು, ಎದೆ ಪರೀಕ್ಷಿಸುವ ಡಾಕ್ಟರಂತೆ ಒಬ್ಬೊಬ್ಬರ ಮುಂದೆಯೂ ಹಿಡಿದರು. ಮೂಲೆಯ ಸ್ಟೂಲಿನ ಬಳಿ ಸದ್ದಿಲ್ಲ. ದರ್ಜಿಯ ಬಳಿ ಸದ್ದಿಲ್ಲ. ಕೊನೆಗೆ ಬಗ್ಗಿ, ನೆಲದ ಮೇಲೆ ಅಡ್ಡಬಿದ್ದಿದ್ದ ಬಟ್ಟೆಯ ಚೀಲದ ಮುಂದೆ ನಿಂತರು.

ದೊಡ್ಡಮ್ಮ ಚೀಲಕ್ಕೆ ಕೈಹಾಕಿ ಮೇಜಿನ ಗಡಿಯಾರವೊಂದನ್ನು ಹೊರತೆಗೆದರು. ಕೆಟ್ಟು ತಿಂಗಳಾಗಿತ್ತು. ಎಲ್ಲ ಮುಗಿದ ಮೇಲೆ ರಿಪೇರಿಯವನಿಗೇ ಕೊಡೋಣವೆಂದು ತಂದದ್ದು. ಎತ್ತಿ ನಿಲ್ಲಿಸಿದರೆ ನಿಂತುಹೋಯಿತು. ಅಡ್ಡ ಮಲಗಿಸಿದರೆ ಟಿಕ್ ಟಿಕ್ ಎಂದಿತು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಯಾರೋ ಫ್ಯಾನ್ ಹಾಕಿದರು, ಯಾರೋ ಫ್ಲಾಸ್ಕು ತೆರೆದರು. ದೊಡ್ಡಮ್ಮ ಮಾತ್ರ ಮೊದಲ ಲೋಟದ ಟೀ ಬಗ್ಗಿಸಿಕೊಂಡು, ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ಮೂಲೆಗೆ ನಡೆದರು.

“ತಗೊಳ್ಳಪ್ಪ. ತಪ್ಪಾಯ್ತು,” ಎಂದರು ಮೆಲ್ಲಗೆ. “ಅಷ್ಟು ಜನ ಮೇಲೆ ಬಿದ್ದಾಗ ‘ನಂದಲ್ಲ’ ಅಂತ ಒಂದು ಮಾತಾದರೂ ಹೇಳಬಾರದಿತ್ತಾ?”

ರಿಪೇರಿಯವನು ಲೋಟ ತೆಗೆದುಕೊಂಡ. ನಗುತ್ತ ತೊಡೆಯ ಮೇಲಿದ್ದ ಯೇಸುವಿನ ಪಾಲಿನ ಹಾಳೆಯನ್ನು ಅವರತ್ತ ತಿರುಗಿಸಿದ.

“ಎಲ್ಲಿ ಹೇಳಲಿ ದೊಡ್ಡಮ್ಮ? ಈ ಭಾಗದಲ್ಲಿ ನನಗೆ ಮಾತೇ ಇಲ್ಲ.”