ಹೇಳಬಾರದ ಹೆಸರು

ಆ ಗಡಿಯೂರಿನಲ್ಲಿ ಸೈರನ್ ಕೂಗಿದ್ದೇ ತಡ, ಓಣಿಯವರೆಲ್ಲ ಎದುರಿನ ಬಯಲಲ್ಲಿ ತೋಡಿದ್ದ ಕಂದಕಕ್ಕೆ ಇಳಿದರು. ನೀಲವ್ವನ ಗಂಡ ಮಾತ್ರ ಮನೆಯ ಜಗಲಿ ಬಿಟ್ಟು ಏಳಲಿಲ್ಲ.

"ರೀ, ಬರ್ರೀ! ವಿಮಾನ ಬಂದ್ವು!" ನೀಲವ್ವ ಕಂದಕದಿಂದ ಕೂಗಿದಳು.

"ಗಂಡಸಾಗಿ ಇಲಿಯಂಗ ಬಿಲ ಹೊಗಲೇನ? ನೀನ ಕುಂದರು."

ಅತ್ತದ್ದಾಯಿತು, ಆಣೆ ಹಾಕಿದ್ದಾಯಿತು. ಆತ ನಿಶ್ಚಿಂತೆಯಿಂದ ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದ.

"ಹೆಸರು ಹಿಡದು ಒದರವಾ, ಸಿಟ್ಟಿಗಾದ್ರೂ ಎದ್ದು ಬರ್ತಾನ," ಎಂದಳು ಪಕ್ಕದ ಮನೆಯ ಶಾಂತಕ್ಕ.

"ಬ್ಯಾಡವಾ! ಗಂಡನ ಹೆಸರು ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗ್ತದ."

ಮೊರೆತ ನೆತ್ತಿಯ ಮೇಲೇ ಬಂದಂತಾಯಿತು. ಮದುವೆಯಾದಂದಿನಿಂದ ಬಾಯಿಗೆ ತಾರದ ಹೆಸರನ್ನು ನೀಲವ್ವ ಕಣ್ಣು ಮುಚ್ಚಿ ಕೂಗಿಯೇಬಿಟ್ಟಳು.

"ಲೇ ಚನ್ನಬಸ್ಯಾ! ಕಿವಿ ಸತ್ತಾವೇನೋ?"



"ನನ್ನ ಹೆಸರು ಹಿಡೀತಿ? ಎಷ್ಟು ಸೊಕ್ಕು ನಿನಗ!" ಎಲೆಯಡಿಕೆ ಚೆಲ್ಲಿ ಓಡಿಬಂದವನು, ಹೊಡೆಯಲು ಕೈಯೆತ್ತಿಕೊಂಡೇ ಕಂದಕಕ್ಕೆ ಧುಮುಕಿದ.

ಎತ್ತಿದ ಕೈ ಅವಳ ಕೆನ್ನೆ ತಲುಪುವ ಮೊದಲೇ ಬಾಂಬು ಬಿದ್ದು, ಆತ ಕುಳಿತಿದ್ದ ಜಗಲಿ ಹಾರಿಹೋಯಿತು.