ಆರ್ಡರ್ ತಲುಪದ ಚಂದ್ರ

ಹಾಡಹಗಲೇ ಕಿಟಕಿಯ ಪರದೆಗಳನ್ನೆಲ್ಲ ಎಳೆದು, ದೀಪ ಆರಿಸಿ, ಮಾರ್ಜರಿ ಗಂಡನ ಕುರ್ಚಿಯನ್ನು ಟೀವಿಯ ಕಡೆಗೆ ಇನ್ನಷ್ಟು ತಳ್ಳಿದಳು. ಹಲ್ ಪಟ್ಟಣದ ಆ ಪುಟ್ಟ ಮನೆಯಲ್ಲಿ ಈ ಹಳೇ ಹಾಸ್ಯ ಧಾರಾವಾಹಿ ನೋಡುವ ಪದ್ಧತಿಯೇ ಹಾಗೆ. ಯುದ್ಧಕಾಲದಲ್ಲಿ ಜರ್ಮನ್ ವಿಮಾನಗಳ ಕಣ್ಣಿಗೆ ಬೀಳದಂತೆ ಊರಿನ ದೀಪಗಳನ್ನೆಲ್ಲ ಆರಿಸುತ್ತ ಬೀದಿ ಸುತ್ತುವ ಆರು ಮಂದಿ ಕಾವಲುಗಾರರ ಪೇಚಾಟವನ್ನು ಬೆಳಕಿನಲ್ಲಿ ಕೂತು ನೋಡುವುದು ಅಪಚಾರ ಎಂದು ಅವಳ ಗಂಡ ಬರ್ನಾರ್ಡ್ ಯಾವತ್ತೋ ತೀರ್ಮಾನಿಸಿಬಿಟ್ಟಿದ್ದ.

ಇನ್ನೊಂದು ಪದ್ಧತಿಯೂ ಇತ್ತು. ನಟ ಬಾಯಿ ತೆರೆಯುವ ಮೊದಲೇ ಅವನ ಮಾತನ್ನು ಬರ್ನಾರ್ಡ್ ಹೇಳಬೇಕು. ಬೇರೆ ಯಾರಾದರೂ ಹೇಳಿದರೋ, ಎದ್ದು ಹೋಗಿ ಎಲ್ಲರಿಗೂ ಚಹಾ ಮಾಡಿ ತರಬೇಕು. ಅಳಿಯ ಗ್ಯಾರೆತ್ ಈ ಮನೆಯಲ್ಲಿ ಟೀವಿ ನೋಡಿದ್ದಕ್ಕಿಂತ ಅಡುಗೆಮನೆ ನೋಡಿದ್ದೇ ಹೆಚ್ಚು. ಪಾಪ, ಸುಮ್ಮನಿರಲು ಅವನಿಗೆ ಬಾರದು. ಹೋಗಲಿ ಎಂದರೆ ಹೇಳಿದ ಮಾತಾದರೂ ಸರಿಯಿರಬೇಕಲ್ಲ, ಅದೂ ಇಲ್ಲ. ಯಾರದೋ ಮಾತನ್ನು ಇನ್ಯಾರದೋ ಬಾಯಿಗೆ ತುರುಕಿ ಮಾವನ ಮೈ ಉರಿಸುತ್ತಿದ್ದ.

ಈಸ್ಟರ್ ಆದ ವಾರ ಬರ್ನಾರ್ಡ್‌ಗೆ ಲಕ್ವ ಹೊಡೆದು ಮಾತು ನಿಂತುಹೋಯಿತು. ಕೈಕಾಲು ಮೆಲ್ಲಗೆ ಸ್ವಾಧೀನಕ್ಕೆ ಬಂದವು, ನಾಲಿಗೆ ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಮಾತು ಕಲಿಸಲು ಬರುವ ಹುಡುಗಿ ಬೆಕ್ಕು, ಬಟ್ಟಲುಗಳ ಚಿತ್ರ ಹಿಡಿದರೆ, ಜೀವಮಾನವಿಡೀ ಬಸ್ಸಿನಲ್ಲಿ ಗಂಟಲು ಹರಿದುಕೊಂಡಿದ್ದ ಆ ಕಂಡಕ್ಟರ್ ಗೋಡೆಯ ಕಡೆ ತಿರುಗಿ ಕೂತುಬಿಡುತ್ತಿದ್ದ. ಬಾಯಿಪಾಠವಾಗಿರುವುದು ಕೆಲವೊಮ್ಮೆ ತಾನಾಗಿಯೇ ಹೊರಬರುತ್ತದೆ, ಹಾಡೋ ಪ್ರಾರ್ಥನೆಯೋ ಹಚ್ಚಿ ನೋಡಿ ಎಂದು ಆ ಹುಡುಗಿಯೇ ನಿನ್ನೆ ಹೇಳಿ ಹೋಗಿದ್ದಳು. ಚರ್ಚಿನ ಕಡೆ ತಲೆಹಾಕಿಯೂ ಮಲಗದವನಿಗೆ ಪ್ರಾರ್ಥನೆ ಎಲ್ಲಿಂದ ಬರಬೇಕು? ಮಾರ್ಜರಿಗೆ ಥಟ್ಟನೆ ಹೊಳೆದದ್ದು ಈ ಧಾರಾವಾಹಿ. ಆ ಸಂಭ್ರಮಕ್ಕೆ ಅವಳಿಗೆ ನಿದ್ದೆಯೇ ಹತ್ತಲಿಲ್ಲ. ಬೆಳಗಾಗುತ್ತಲೇ ಮಗಳು ಹೀದರ್‌ಗೆ ಫೋನ್ ಮಾಡಿ, ಗಂಡನನ್ನೂ ಕಟ್ಟಿಕೊಂಡು ಬಾ, ಮನೆ ತುಂಬಿದ್ದರೇ ಅಪ್ಪನಿಗೆ ಹುರುಪು ಎಂದಿದ್ದಳು.

"ಇವತ್ತು ಯಾರೂ ಪಿಟಕ್ ಅನ್ನಬಾರದು. ಅವನೇ ಹೇಳ್ಬೇಕು," ಎಂದು ಮಾರ್ಜರಿ ಅಳಿಯನನ್ನೇ ನೋಡಿದಳು. "ಕೇಳಿಸ್ತಾ, ಗ್ಯಾರೆತ್?" ಗ್ಯಾರೆತ್ ತುಟಿಯ ಮೇಲೆ ಬೆರಳಿಟ್ಟುಕೊಂಡ. ನಂಬಿಕೆ ಸಾಲದೆ ಹೀದರ್ ಅವನ ತೋಳನ್ನು ಗಟ್ಟಿಯಾಗಿ ಹಿಡಿದು ಕೂತಳು.

ಟೀವಿಯಲ್ಲಿ ಶೀರ್ಷಿಕೆ ಸಂಗೀತದ ಬ್ಯಾಂಡು ಮೊಳಗಿತು. ಬರ್ನಾರ್ಡ್‌ನ ಕಾಲು ತಾಳ ಹಾಕತೊಡಗಿತು. ಮಾರ್ಜರಿ ಟೀವಿ ನೋಡುವುದನ್ನು ಬಿಟ್ಟು ಅವನನ್ನೇ ನೋಡಿದಳು. ನಗು ಬರುವ ಜಾಗ ಬರುವ ಮೊದಲೇ ಅವನ ಹೊಟ್ಟೆ ಕುಲುಕುತ್ತಿತ್ತು, ತುಟಿ ಅದುರುತ್ತಿತ್ತು. ಬಂತು, ಇನ್ನೇನು ಬಂತು ಎಂದು ಅವಳು ರಿಮೋಟ್ ಹಿಡಿದು ಕಾದಳು.

ಅವನ ಅಚ್ಚುಮೆಚ್ಚಿನ ಭಾಗ ಬಂತು. ಕಾವಲು ಪಡೆಯ ಮುಖ್ಯಸ್ಥನಾದ ಕ್ಷೌರಿಕ ಯಾವುದೋ ಮನೆಯ ಮಹಡಿ ಕಿಟಕಿಯಲ್ಲಿ ಬೆಳಕು ಕಂಡು, ದೊರೆಯ ಆಜ್ಞೆ, ದೀಪ ಆರಿಸಿ ಎಂದು ಕೂಗಿ ಕೂಗಿ ಸುಸ್ತಾಗುತ್ತಾನೆ. ಆಗ ಹಿಂದೆ ನಿಂತ ಬೇಕರಿಯವನು ಮೆಲ್ಲಗೆ ಹೇಳುತ್ತಾನೆ, ಅದು ಗಾಜಿನಲ್ಲಿ ಕಾಣುವ ಚಂದ್ರ ಸಾರ್, ಅವನಿಗೆ ಆರ್ಡರ್ ತಲುಪಿಲ್ಲ ಎಂದು. ಬೇಕರಿಯವನು ಬಾಯಿ ತೆರೆದನೋ ಇಲ್ಲವೋ, ಮಾರ್ಜರಿ ರಿಮೋಟ್ ಒತ್ತಿ ಚಿತ್ರವನ್ನು ನಿಲ್ಲಿಸಿದಳು.

ಬರ್ನಾರ್ಡ್ ಮುಂದಕ್ಕೆ ಬಾಗಿದ. ಗಂಟಲ ನರ ಉಬ್ಬಿತು. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಗಾಳಿ ಬಂತೇ ಹೊರತು ಮಾತು ಬರಲಿಲ್ಲ. ಮುಷ್ಟಿಯಿಂದ ಕುರ್ಚಿಯ ತೋಳಿಗೆ ಗುದ್ದಿಕೊಂಡ, ಕಣ್ಣಲ್ಲಿ ನೀರಾಡಿತು. ಸಾಕಮ್ಮಾ, ಅಪ್ಪನಿಗೆ ಹಿಂಸೆಯಾಗುತ್ತಿದೆ, ಮುಂದಕ್ಕೆ ಬಿಡು ಎಂದು ಹೀದರ್ ಪಿಸುಗುಟ್ಟಿದಳು. ಮಾರ್ಜರಿ ಬಿಡಲಿಲ್ಲ. ಆಸೆ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ತಡೆಯಲಾರದೆ ಹೋದವನು ಗ್ಯಾರೆತ್. "ಅದು ನಕ್ಷತ್ರ ಸಾರ್," ಎಂದುಬಿಟ್ಟ, ಅದೂ ಕ್ಷೌರಿಕನ ದನಿಯಲ್ಲಿ. "ಅವಕ್ಕೆ ಆರ್ಡರ್ ಹೋಗಿಲ್ಲ."

ಹೀದರ್ ಚಿವುಟಿದ ರಭಸಕ್ಕೆ ಅವನು ಎದ್ದೇ ನಿಂತ. ಕಾದು ಕಾದು ಇಲ್ಲಿಯವರೆಗೆ ತಂದದ್ದನ್ನು ಈ ಮಹಾಶಯ ಒಂದೇ ಏಟಿಗೆ ನೀರುಪಾಲು ಮಾಡಿದನಲ್ಲ ಎಂದು ಮಾರ್ಜರಿಗೆ ರಿಮೋಟನ್ನು ಅವನ ತಲೆಗೇ ಎಸೆಯುವಷ್ಟು ಸಿಟ್ಟು ಬಂತು. ಕೈ ಎತ್ತಿಯೂ ಆಗಿತ್ತು.

"ಚಂ...ದ್ರ."

ದನಿ ಯಾರದೆಂದು ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಬರ್ನಾರ್ಡ್ ಅಳಿಯನ ಕಡೆ ಪೂರ್ತಿ ತಿರುಗಿ ಕೂತಿದ್ದ. ಮುಖ ಕೆಂಪಗೆ ಕಾದಿತ್ತು.

"ಚಂದ್ರ ಕಣೋ, ದಡ್ಡ," ಎಂದ. ಉಸಿರೆಳೆದುಕೊಂಡು, "ಬೇಕರಿಯವ... ಹೇಳೋದು," ಎಂದೂ ಸೇರಿಸಿದ.

ಹೀದರ್ ಅತ್ತಳೋ ನಕ್ಕಳೋ, ಅಂತೂ ಅಪ್ಪನ ಕೊರಳಿಗೆ ಜೋತುಬಿದ್ದಳು. ಗ್ಯಾರೆತ್ ಪೆಚ್ಚಾಗಿ, ಬೇಕೆಂದು ತಪ್ಪು ಹೇಳಿದ್ದಲ್ಲ ಎಂದು ಏನೇನೋ ಬಡಬಡಿಸಿದ. ಮಾರ್ಜರಿಗೆ ಅದೊಂದೂ ಕಿವಿಗೆ ಬೀಳಲಿಲ್ಲ. ಮದುವೆಯಾದ ಹೊಸದರಲ್ಲಿ ಗಂಡ ಆಡಿದ ಯಾವ ಸರಸದ ಮಾತೂ ಈ 'ದಡ್ಡ'ನಷ್ಟು ಸಿಹಿಯಾಗಿರಲಿಲ್ಲ. ಅವಳು ರಿಮೋಟ್ ಕೆಳಗಿಟ್ಟು, ಎರಡೂ ಕೈಯಿಂದ ಕಣ್ಣೊರೆಸಿಕೊಂಡು, ಅಳಿಯನ ತೋಳು ಹಿಡಿದು ಬರ್ನಾರ್ಡ್‌ನ ಪಕ್ಕದಲ್ಲೇ ಕೂರಿಸಿ, ಮತ್ತೆ ರಿಮೋಟ್ ಎತ್ತಿಕೊಂಡಳು.

"ಇನ್ಮೇಲಿಂದೆಲ್ಲ ನೀನೇ ಹೇಳಪ್ಪ, ಗ್ಯಾರೆತ್," ಎಂದಳು. "ಸರಿಯಾಗಿ ಗಿರಿಯಾಗಿ ಹೇಳಿಬಿಟ್ಟೀಯ, ಜೋಕೆ."